ವಾಪಸ್ ಬಾರದ ಬ್ರೆಡ್ಡು

"ನನ್ನ ನಂಬರ್ ಕತ್ತರಿಸಿದ್ದು ಯಾರು?"

ಬಾಗಿಲು ತಟ್ಟುವ ಅಭ್ಯಾಸ ಅವನಿಗಿರಲಿಲ್ಲ. ಎರಡೂ ಕೈಯಲ್ಲಿ ಖಾಲಿ ಕ್ರೇಟ್ ಇದ್ದುದರಿಂದ ಮೊಣಕಾಲಿನಲ್ಲೇ ಬಾಗಿಲು ತಳ್ಳಿಕೊಂಡು ಬಂದ. ಕ್ರೇಟನ್ನು ಅವಳ ಮೇಜಿನ ಮೇಲೆ, ಅದೂ ಸರಿಯಾಗಿ ಕೀಬೋರ್ಡಿನ ಮೇಲೆಯೇ ಇಟ್ಟ. ಕಂಪ್ಯೂಟರಿನ ಪರದೆಯಲ್ಲಿ ಒಂದೇ ಅಕ್ಷರ ಸಾಲುಗಟ್ಟಿ ಓಡತೊಡಗಿತು.

ಅವಳು ಮೊದಲು ಓಡುತ್ತಿದ್ದ ಅಕ್ಷರವನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು.

"ನಾನೇ," ಎಂದಳು.

"ನೀವು ಯಾರು?"

"ಕತ್ತರಿಸಿದೋಳು."

"ಐನೂರು ಬ್ರೆಡ್ಡು ಕೇಳಿದ್ದೆ. ನಾನೂರು ಕೊಟ್ಟಿದೀರ! ನನ್ನ ಅಂಗಡಿಯವರಿಗೆ ಏನಂತ ಹೇಳ್ಲಿ? ನಮ್ಮ ಕಂಪ್ಯೂಟರ್‌ಗೆ ಹಸಿವಿಲ್ಲ, ನೀವೂ ಅನುಸರಿಸ್ಕೊಳ್ಳಿ ಅಂತ ಹೇಳ್ಲಾ?"

"ದಿನಾ ಐನೂರು ತಗೊಂಡು ಹೋಗ್ತೀರ. ದಿನಾ ನೂರು ವಾಪಸ್ ತರ್ತೀರ. ಆ ನೂರನ್ನ ಏನು, ಊರು ತೋರಿಸೋಕೆ ಕರ್ಕೊಂಡು ಹೋಗ್ತೀರಾ?"

ಅವನ ಬಾಯಿ ಮುಚ್ಚಿತು. ಆ ಬ್ರೆಡ್ ಫ್ಯಾಕ್ಟರಿಯಲ್ಲಿ ಅಂಥದ್ದು ಅದೇ ಮೊದಲು. ಕೆಳಗೆ ಹಿಟ್ಟು ಕಲಸುವ ಯಂತ್ರ ಕೂಡ ಆಶ್ಚರ್ಯದಿಂದ ಒಂದು ಗಳಿಗೆ ನಿಂತಿತಂತೆ. ಕರೆಂಟ್ ಹೋಗಿತ್ತು ಎನ್ನುವವರೂ ಇದ್ದಾರೆ. ಅಂಥವರ ಮನೆಯಲ್ಲಿ ಯಾರೂ ಪ್ರೀತಿಸಿ ಮದುವೆಯಾಗಿರುವುದಿಲ್ಲ.

'ಕಣ್ಣು ಚೆನ್ನಾಗಿದೆ...' ಅಂದುಕೊಂಡಳು ಅವಳು. ಮರುಕ್ಷಣವೇ, 'ಛೀ! ಸುಳ್ಳುಬುರುಕ.'

ಅಂದಿನಿಂದ ಗಾಡಿಯವರೆಲ್ಲ ಅವಳಿಗೆ ಕತ್ತರಿ ಎಂದು ಹೆಸರಿಟ್ಟರು. ಅವನಿಗಂತೂ ಜಾಸ್ತಿ ಎಂಬ ಹೆಸರು ಮೊದಲೇ ಇತ್ತು. ಏನು ಕೇಳಿದರೂ ಜಾಸ್ತಿ ಕೇಳುವವನು. ಟೀ ಕೇಳಿದರೆ ಎರಡು, ರಜೆ ಕೇಳಿದರೆ ವಾರ.

*

ಆ ಫ್ಯಾಕ್ಟರಿಯ ಯಜಮಾನರು ಎಷ್ಟು ಜಿಪುಣರೆಂದರೆ ಅವರ ಕನ್ನಡಕಕ್ಕೆ ಒಂದೇ ಗಾಜು. ಇನ್ನೊಂದು ಕಣ್ಣು ಚೆನ್ನಾಗಿತ್ತು, ಅದಕ್ಕೆ ಗಾಜು ಯಾಕೆ ದಂಡ?

ಅಂಥವರ ಎದೆಗೆ ದಿನಾ ಇರಿಯುತ್ತಿದ್ದದ್ದು ವಾಪಸ್ ಬರುವ ಬ್ರೆಡ್ಡು. ಬೆಳಗ್ಗೆ ಹೋದ ಗಾಡಿಗಳು ಸಂಜೆ ಮಾರಾಟವಾಗದ ಬ್ರೆಡ್ಡನ್ನು ಹೊತ್ತು ತರುತ್ತಿದ್ದವು. ಫ್ಯಾಕ್ಟರಿಯ ಹಿಂದಿನ ಗೋಡೆಯ ಒಂದು ಭಾಗವನ್ನು ಅದರಿಂದಲೇ ಕಟ್ಟಿದ್ದಾರೆ ಎಂಬ ಮಾತಿತ್ತು. ಉಗುರಿನಲ್ಲಿ ಗೀರಿ ನೋಡಿದವರು ಆಮೇಲೆ ಆ ವಿಷಯ ಮಾತಾಡಲಿಲ್ಲ.

ಆದ್ದರಿಂದ ಅವರು ಗಣಿತ ಓದಿದ ಅವಳನ್ನು ಕರೆಸಿದರು. ಅವಳು ಒಂದು ಮಾಡೆಲ್ ಕಟ್ಟಿದಳು. ನಾಳೆ ಎಷ್ಟು ಬ್ರೆಡ್ಡು ಸುಡಬೇಕು ಎಂದು ಇವತ್ತೇ ಹೇಳುವ ಲೆಕ್ಕ ಅದು. ಪ್ರತಿ ಲೈನಿನವನೂ, ಅಂದರೆ ಒಂದೊಂದು ದಾರಿಯ ಅಂಗಡಿಗಳಿಗೆ ಗಾಡಿಯಲ್ಲಿ ಬ್ರೆಡ್ಡು ಹಾಕುವವನು, ಮಧ್ಯಾಹ್ನ ತನ್ನ ಅಂಗಡಿಗಳಿಗೆ ನಾಳೆ ಎಷ್ಟು ಬೇಕೆಂದು ಅಂದಾಜು ಹೇಳಬೇಕು. ಹಿಂದೆ ಅವನು ಹೇಳಿದ್ದೆಷ್ಟು, ಮಾರಿದ್ದೆಷ್ಟು, ವಾಪಸ್ ತಂದದ್ದೆಷ್ಟು ಎಂದು ನೋಡಿ ಮಾಡೆಲ್ ಅವನಿಗೊಂದು ನಂಬಿಕೆ ಅಂಕ ಕೊಡುತ್ತಿತ್ತು. ಅಂಕಕ್ಕೆ ತಕ್ಕಂತೆ ಅಂದಾಜಿಗೆ ಕತ್ತರಿ.

"ವಾಪಸ್ ಬರೋದು ಅರ್ಧಕ್ಕೆ ಇಳೀಬೇಕು," ಎಂದಿದ್ದರು ಯಜಮಾನರು. "ಇಳಿದ್ರೆ ಕಂಪ್ಯೂಟರೂ ಇರುತ್ತೆ, ನೀನೂ ಇರ್ತೀಯಮ್ಮ. ಇಳೀದಿದ್ರೆ ಕಂಪ್ಯೂಟರ್ ಇರುತ್ತೆ."

ನಂಬಿಕೆ ಅಂಕದ ವಿಷಯ ಹೇಗೋ ಹೊರಗೆ ಬಿತ್ತು. ಗಾಡಿ ನಿಲ್ಲುವ ಜಾಗದಲ್ಲಿ ಅದೇ ಮಾತು.

"ಏಯ್, ನಿನ್ನ ನಂಬಿಕೆ ಎಷ್ಟು ಬಂತು?"

"ಎಂಬತ್ತೆರಡು."

"ಅಬ್ಬಾ! ನಮ್ಮ ಮನೇಲಿ ನನ್ನ ಹೆಂಡ್ತಿ ನಲವತ್ತರ ಮೇಲೆ ಕೊಟ್ಟಿಲ್ಲ."

"ಜಾಸ್ತಿಗೆಷ್ಟು?"

"ಅವನದು ಬಿಡಪ್ಪ. ಮಾಡೆಲ್ಲು ಅವನ ಹೆಸರು ನೋಡಿದ್ರೆ ಕೆಮ್ಮುತ್ತಂತೆ!"

ಜಾಸ್ತಿಗೆ ರೋಷ ಬಂತು. ಕತ್ತರಿಸುತ್ತಾಳೆ ಎಂದು ಇನ್ನೂ ಜಾಸ್ತಿ ಕೇಳಿದ. ಜಾಸ್ತಿ ಕೇಳುತ್ತಾನೆ ಎಂದು ಅವಳು ಇನ್ನೂ ಕತ್ತರಿಸಿದಳು. ಹೀಗೇ ಬೆಳೆದು ಬೆಳೆದು, ಒಂದು ದಿನ ಅವನು ಕೇಳಿದ ಬ್ರೆಡ್ಡು ಎಷ್ಟಾಯಿತೆಂದರೆ ಅವನ ಲೈನಿನಲ್ಲಿ ಹಲ್ಲು ಬಾರದ ಕೂಸುಗಳೂ ತಲಾ ನಾಲ್ಕು ಪೌಂಡು ತಿನ್ನಬೇಕಿತ್ತು.

ಅವಳು ಪೆನ್ನು ಕೆಳಗಿಟ್ಟಳು. 'ಇದು ಲೆಕ್ಕ ಅಲ್ಲ, ಜಗಳ,' ಅನ್ನಿಸಿತು. ಎದ್ದು ಗಾಡಿ ನಿಲ್ಲುವ ಜಾಗಕ್ಕೆ ಹೋದಳು.

"ನಾಳೆ ನಿಮ್ಮ ಗಾಡೀಲಿ ನಾನೂ ಬರ್ತೀನಿ."

"ಯಾಕೆ? ಗಾಡಿನೂ ಅರ್ಧ ಕತ್ತರಿಸ್ಬೇಕಾ?"

"ನೋಡಿ ಹೇಳ್ತೀನಿ."

*

ಅವನ ಲೈನಿನ ಕೊನೆಯ ಅಂಗಡಿ ಸೇತುವೆಯ ಬುಡದಲ್ಲಿತ್ತು. ಅಂಗಡಿ ನಡೆಸುವ ಅಜ್ಜಿಯನ್ನು ಎಲ್ಲರೂ ಸೇತುವೆ ಅಜ್ಜಿ ಎನ್ನುತ್ತಿದ್ದರು. ಸೇತುವೆಗಿಂತ ಮೊದಲೇ ಅಲ್ಲಿದ್ದವಳಂತೆ. ಎಂಜಿನಿಯರುಗಳು ಅವಳನ್ನು ಕೇಳಿಯೇ ಕಂಬ ನೆಟ್ಟರಂತೆ.

"ಲೋ ಜಾಸ್ತಿ!" ಗಾಡಿ ನಿಲ್ಲುವ ಮೊದಲೇ ಶುರುವಾಯಿತು. "ನಿನ್ನೆ ಮಧ್ಯಾಹ್ನಕ್ಕೇ ಶೆಲ್ಫ್ ಖಾಲಿ ಕಣೋ! ಆ ಇನ್ನೊಂದು ಕಂಪನಿಯೋನು ಬಂದು ಹಲ್ಲು ಕಿರಿದು ನಿಂತಿದ್ದ. ಸ್ವಲ್ಪ ಜಾಗ ಕೊಡಿ ಅಜ್ಜಿ ಅಂತ."

"ಕೊಟ್ಯಾ?"

"ನಿನ್ನ ಮುಖ ನೆನೆದು ಕೊಡ್ಲಿಲ್ಲ. ಮುಖ ಏನು ಅಷ್ಟು ಚೆನ್ನಾಗಿಲ್ಲ... ಆದ್ರೂ." ಅಜ್ಜಿ ಕ್ರೇಟ್ ಎಣಿಸಿದಳು. "ಇವತ್ತೂ ಇಷ್ಟೇನಾ? ಅದ್ಯಾರೋ ಕತ್ತರಿ ಅಂತ ಬಂದಿದಾಳಂತಲ್ಲ, ಅವಳ ಕೈ ಬಿದ್ದುಹೋಗ!"

ಜಾಸ್ತಿ ಆಕಾಶ ನೋಡಿದ. ಆಕಾಶದಲ್ಲಿ ಅವತ್ತು ವಿಶೇಷ ಏನೂ ಇರಲಿಲ್ಲ.

"ನಾನೇ ಅಜ್ಜಿ," ಎಂದಳು ಅವಳು.

ಅಜ್ಜಿ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಅಯ್ಯೋ ಕೂಸೇ... ಇಷ್ಟು ಸಣ್ಣಗಿದೀಯ! ನಿನ್ನನ್ನೇ ಯಾರೋ ಕತ್ತರಿಸಿದ ಹಾಗಿದೆ. ಕೂತ್ಕೋ, ನೀರು ಕುಡಿ. ಬೈಯೋದು ಇನ್ನೂ ಬಾಕಿ ಇದೆ."

ವಾಪಸ್ ಬರುವಾಗ ಅವನು ಗಾಡಿಯನ್ನು ನಿಧಾನಕ್ಕೆ ಓಡಿಸಿದ.

"ಅರ್ಥ ಆಯ್ತಾ?" ಅವನೇ ಕೇಳಿದ. ದನಿಯಲ್ಲಿ ಜಗಳವಿರಲಿಲ್ಲ. "ಬ್ರೆಡ್ಡು ವಾಪಸ್ ಬಂದ್ರೆ ಯಜಮಾನ್ರು ಬೈತಾರೆ, ಮರೀತಾರೆ. ಶೆಲ್ಫ್ ಖಾಲಿ ಆದ್ರೆ ಆ ಜಾಗಕ್ಕೆ ಬೇರೆಯವರು ಬಂದು ಕೂರ್ತಾರೆ. ಆಮೇಲೆ ಏಳಲ್ಲ. ಅದಕ್ಕೇ ಜಾಸ್ತಿ ಕೇಳ್ತೀನಿ. ಎಲ್ಲರೂ ಹಾಗೇ ಕೇಳೋದು."

"ಸುಳ್ಳು ಹೇಳ್ತೀರಿ."

"ಹೂಂ. ನಾನು ಸುಳ್ಳು ಹೇಳ್ತೀನಿ ಅಂತ ನಿಮಗೆ ಗೊತ್ತು. ನೀವು ಕತ್ತರಿಸ್ತೀರಿ ಅಂತ ನನಗೆ ಗೊತ್ತು. ಇಬ್ಬರಲ್ಲಿ ಮೊದಲು ಯಾರು ನಿಲ್ಲಿಸ್ಬೇಕು?"

"ನೀವು."

"ನಾನೇ ಯಾಕೆ?"

"ನನ್ನದು ಮೆಷಿನ್ನು. ಅದಕ್ಕೆ ನಾಚಿಕೆ ಇಲ್ಲ. ನಿಮಗೆ ಸ್ವಲ್ಪ ಇರೋ ಹಾಗೆ ಕಾಣುತ್ತೆ."

ಅವನು ನಕ್ಕ. ನಗುತ್ತಲೇ ಬ್ರೇಕ್ ಹಾಕಿ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದ.

"ಸರಿ. ನಾಳೆಯಿಂದ ನಿಜ ಹೇಳ್ತೀನಿ. ಎಷ್ಟು ಬೇಕೋ ಅಷ್ಟೇ. ಆದ್ರೆ ನೀವು ಕತ್ತರಿಸಬಾರದು. ಕತ್ತರಿಸ್ಲೇಬೇಕು ಅಂತಾದ್ರೆ ನನಗೆ ಹೇಳಿ ಕತ್ತರಿಸಿ. ಮಾತು?"

"ಮಾತು," ಎಂದಳು. ಕೈ ನೀಡಿದಳು. ಅವನ ಅಂಗೈ ಕ್ರೇಟ್ ಹೊತ್ತು ಹೊತ್ತು ಮರದ ಹಲಗೆಯಂತಾಗಿತ್ತು. ಆದರೂ ಬಿಡುವುದಕ್ಕೆ ಯಾಕೋ ಸ್ವಲ್ಪ ತಡವಾಯಿತು.

*

ಅಲ್ಲಿಂದ ಮಾಡೆಲ್ ನಿಜವಾಗಿ ಕೆಲಸ ಮಾಡತೊಡಗಿತು! ಜಾಸ್ತಿ ನಿಜ ಹೇಳಿದ. ಅವಳು ಕತ್ತರಿಸಲಿಲ್ಲ. ಅವನ ಲೈನಿನಲ್ಲಿ ಶೆಲ್ಫ್ ಖಾಲಿಯಾಗಲಿಲ್ಲ, ವಾಪಸ್ ಬರುವುದೂ ಇಳಿಯಿತು. ಅವನ ನಂಬಿಕೆ ಅಂಕ ಏರುತ್ತ ಏರುತ್ತ ಎಲ್ಲರಿಗಿಂತ ಮೇಲೆ ಹೋಯಿತು. ಗಾಡಿಯವರು ಅವನನ್ನು ಮುಟ್ಟಿ ನೋಡಿದರು.

ಮಧ್ಯಾಹ್ನದ ಅಂದಾಜನ್ನು ಅವನು ಫೋನಿನಲ್ಲಿ ಹೇಳುತ್ತಿದ್ದ. ಹೇಳುವುದು ಒಂದು ನಂಬರ್. ಅದಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು.

"ನಾನೂರ ಇಪ್ಪತ್ತು."

"ಬರ್ಕೊಂಡೆ."

"ನಿಮ್ಮನ್ನ ನೋಡದ ದಿನ ನನಗೆ ಊಟ ಸೇರಲ್ಲ."

ಅವಳ ಕೆನ್ನೆ ಬಿಸಿಯಾಯಿತು. ಆದರೆ ಅಭ್ಯಾಸ ಬಿಡಬೇಕಲ್ಲ... ಅದರಲ್ಲೂ ಅರ್ಧ ತೆಗೆದಳು. 'ಒಂದು ಹೊತ್ತಿನ ಊಟ ಸೇರಲ್ಲ ಅಂತಿರಬೇಕು.'

ಅವಳ ಈ ಅಭ್ಯಾಸ ಗಣಿತದಿಂದ ಬಂದದ್ದಲ್ಲ. ಅಪ್ಪನಿಂದ ಬಂದದ್ದು.

ಅಪ್ಪ ದೊಡ್ಡ ಮಾತಿನ ಮನುಷ್ಯ. ಗೊಂಬೆ ತರ್ತೀನಿ ಎನ್ನುತ್ತಿದ್ದ, ಪೆಪ್ಪರಮೆಂಟು ತರುತ್ತಿದ್ದ. ಸಮುದ್ರ ತೋರಿಸ್ತೀನಿ ಎನ್ನುತ್ತಿದ್ದ, ಕೆರೆ ತೋರಿಸುತ್ತಿದ್ದ. "ಅಪ್ಪ ಹೇಳಿದ್ರಲ್ಲಿ ಅರ್ಧ ತೆಗೆದು ಕೇಳೇ," ಎಂದು ಅಕ್ಕ ಹೇಳಿಕೊಟ್ಟಿದ್ದಳು. ಒಂದು ದಿನ ಅಪ್ಪ ಚೀಲ ಹೆಗಲಿಗೇರಿಸಿ, "ಹೋಗ್ತೀನಿ, ಇನ್ನು ಈ ಮನೆಗೆ ಬರಲ್ಲ," ಎಂದ. ಅವಳು ಅದರಲ್ಲೂ ಅರ್ಧ ತೆಗೆದು, ಸಂಜೆಗೆ ಬರ್ತಾನೆ ಎಂದು ಕಿಟಕಿಯ ಹತ್ತಿರ ಕುಳಿತಳು.

ಅಪ್ಪ ಬದುಕಿನಲ್ಲಿ ಪೂರ್ತಿ ನಡೆಸಿಕೊಟ್ಟದ್ದು ಆ ಒಂದೇ ಮಾತು.

ಈಗ ಮನೆಯಲ್ಲಿ ಇರುವುದು ಅಕ್ಕ ಮತ್ತು ಅವಳು. ಅಕ್ಕ ಶಾಲೆಗಳಿಗೆ ಯೂನಿಫಾರಂ ಹೊಲಿಯುತ್ತಾಳೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಾಳೆ. ಹಾಗಾಗಿ ಅವಳ ಮಾತು ಯಾವಾಗಲೂ ಸ್ವಲ್ಪ ಚುಚ್ಚುತ್ತದೆ.

"ಯಾರೇ ಅವನು? ಫೋನಲ್ಲಿ ಅರ್ಧ ಗಂಟೆ ನಂಬರ್ ಹೇಳೋನು?"

"ಲೈನಿನವನು, ಅಕ್ಕ."

"ಏನಂತಾನೆ?"

"ನೋಡದಿದ್ರೆ ಊಟ ಸೇರಲ್ಲವಂತೆ."

"ತೂಕ ಇಳಿದಿದೆಯಾ?"

"ಇಲ್ಲ..."

"ಹಾಗಾದ್ರೆ ಹುಷಾರು."

*

ಯಜಮಾನರು ಮಾಡೆಲಿನ ಭವಿಷ್ಯ ತೀರ್ಮಾನಿಸುವ ದಿನ ಹತ್ತಿರ ಬಂತು. ಅದರ ಹಿಂದಿನ ದಿನ ಬೆಳಗ್ಗೆ ಅವಳನ್ನು ಕರೆದರು. ಗಾಜಿದ್ದ ಕಣ್ಣಿನಿಂದ ಲೆಕ್ಕ ನೋಡಿದರು, ಗಾಜಿಲ್ಲದ ಕಣ್ಣಿನಿಂದ ಅವಳನ್ನು ನೋಡಿದರು.

"ಅರ್ಧಕ್ಕೆ ಕೂದಲೆಳೆ ಬಾಕಿ ಇದೆ ಕಣಮ್ಮ. ನಾಳೆ ಒಂದು ದಿನ ಕೆಟ್ಟರೂ ಕೆಟ್ಟಿತು."

"ಕೆಡಲ್ಲ ಸಾರ್."

"ಆ ಜಾಸ್ತಿ ಹುಡುಗ ಬಂದಿದ್ದ. ಎಲ್ಲಾ ಲೈನಿಗೂ ಮೇಲೆ ಒಬ್ಬ ಹೆಡ್ ಬೇಕು ಅಂತ ನಾನು ಅಂದಿದ್ದೆನಲ್ಲ? ಹೆಚ್ಚು ಮಾಲು ಎತ್ತಿದೋನಿಗೆ ಆ ಕುರ್ಚಿ. ಅವನಿಗೆ ಬೇಕಂತೆ." ಯಜಮಾನರು ನಕ್ಕರು. "ಏನಂದ ಗೊತ್ತಾ? 'ನೋಡ್ತಿರಿ ಸಾರ್, ಈಗ ನನ್ನ ನಂಬರ್ ಯಾರೂ ಕತ್ತರಿಸಲ್ಲ' ಅಂದ!"

ಅವಳು ಲೆಕ್ಕದ ಹಾಳೆಗಳನ್ನು ಎತ್ತಿಕೊಂಡು ಹೊರಗೆ ಬಂದಳು.

'ಯಾರೂ ಕತ್ತರಿಸಲ್ಲ...' ಅದಕ್ಕಾಗಿಯೇ? ಸೇತುವೆ, ಅಜ್ಜಿ, ಆ ಕೈ, ಊಟ ಸೇರಲ್ಲ ಎಂಬ ಮಾತು... ಎಲ್ಲವೂ ಅಂಕ ಏರಿಸಿಕೊಳ್ಳುವುದಕ್ಕಾ?

'ಛೇ, ಇರಲಾರದು.'

'ಯಾಕಿರಬಾರದು?'

ಮಧ್ಯಾಹ್ನ ಫೋನ್ ಬಂತು. ಅವನು ಏದುಸಿರು ಬಿಡುತ್ತಿದ್ದ.

"ಕೇಳಿ! ನಾಳೆ ನನಗೆ ಸಾವಿರ ಬೇಕು."

"ಸಾವಿರಾನಾ?"

"ಆ ಇನ್ನೊಂದು ಕಂಪನಿಯ ಡ್ರೈವರ್‌ಗಳು ಗಾಡಿ ನಿಲ್ಲಿಸಿಬಿಡ್ತಾರಂತೆ. ನಾಳೆ ಒಂದು ಗಾಡಿನೂ ಹೊರಡಲ್ಲ. ಅವರ ಡ್ರೈವರೇ ನನಗೆ ಹೇಳಿದ್ದು, ಬೇರೆ ಯಾರಿಗೂ ಇನ್ನೂ ಗೊತ್ತಿಲ್ಲ. ಸೇತುವೆ ಅಜ್ಜಿ, ಹಾಸ್ಟೆಲ್ ಪಕ್ಕದೋರು, ಎಲ್ಲರೂ ನನ್ನ ಕೇಳ್ತಿದಾರೆ. ಕೊಡ್ತೀನಿ ಅಂತ ಮಾತು ಕೊಡ್ಲಾ?"

ಅವಳು ಪರದೆಯ ಮೇಲೆ ಅವನ ಅಂಕ ನೋಡಿದಳು.

"ಹಲೋ? ಇದು ನಿಜ ಕಣ್ರೀ. ಸಾವಿರ ಅಂದ್ರೆ ಸಾವಿರಾನೇ. ಕೊಡ್ಲಾ ಮಾತು?"

"ಕೊಡಿ," ಎಂದಳು.

"ಕತ್ತರಿಸಲ್ಲ ತಾನೇ?"

"ಇಲ್ಲ."

ಫೋನ್ ಇಟ್ಟಳು. ಕೆಳಗೆ ಓವನ್ ಮಾಸ್ಟರ್ ಹಿಟ್ಟು ಕಲಸಲು ನಂಬರಿಗಾಗಿ ಕಾಯುತ್ತಿದ್ದ. ಮಾಡೆಲ್ ಜಾಸ್ತಿಯನ್ನು ನಂಬಿತ್ತು. ಅದು ಸಾವಿರದ ಹತ್ತಿರವೇ ಹೇಳುತ್ತಿತ್ತು! ಪಾಪ, ಅದಕ್ಕೆ ಅಪ್ಪ ಇರಲಿಲ್ಲ.

ಸುಳ್ಳಾದರೆ? ಅರ್ಧಕ್ಕರ್ಧ ವಾಪಸ್ ಬಂದರೆ? ಕೂದಲೆಳೆ ಹರಿಯುತ್ತದೆ. ಕೆಲಸ ಹೋಗುತ್ತದೆ. ಅವನು ಕುರ್ಚಿಯಲ್ಲಿ ಕೂರುತ್ತಾನೆ. ತಾನು ಮತ್ತೆ ಕಿಟಕಿಯ ಹತ್ತಿರ...

ಅವಳ ಬೆರಳು ಸಾವಿರವನ್ನು ಅಳಿಸಿತು. ಐನೂರು ಎಂದು ಬರೆಯಿತು.

ಮತ್ತೆ ಫೋನ್ ಎತ್ತಿ, 'ಕತ್ತರಿಸಿದೆ, ಮಾತು ಕೊಡಬೇಡಿ' ಎನ್ನಲು ಒಂದು ನಿಮಿಷ ಸಾಕಿತ್ತು. ಎತ್ತಲಿಲ್ಲ. ಎತ್ತಿದರೆ ಅವನು ಬೇಡಿಕೊಳ್ಳುತ್ತಾನೆ, ಬೇಡಿಕೊಂಡರೆ ತಾನು ನಂಬಿಬಿಡುತ್ತೇನೆ ಎಂದು ಹೆದರಿದಳು.

*

ಮಾರನೇ ದಿನ ಬೇರೆ ಕಂಪನಿಯ ಒಂದೇ ಒಂದು ಗಾಡಿಯೂ ಹೊರಡಲಿಲ್ಲ.

ಅವನು ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜವಾಗಿತ್ತು.

ಅವನ ಗಾಡಿ ಅರ್ಧ ಲೈನ್ ಮುಗಿಸುವಷ್ಟರಲ್ಲಿ ಖಾಲಿ. ಹಾಸ್ಟೆಲ್ ಪಕ್ಕದ ಅಂಗಡಿಯವನು ಜನರೆದುರೇ ಅವನ ಕಾಲರ್ ಹಿಡಿದ. ಸೇತುವೆ ಅಜ್ಜಿ ಅವನ ಮಾತು ನಂಬಿ ಅರ್ಧ ಬೀದಿಗೆ, "ನನ್ನ ಹತ್ರ ಬನ್ನಿ, ಬ್ರೆಡ್ಡಿಗೆ ಕೊರತೆ ಇಲ್ಲ," ಎಂದು ಹೇಳಿಬಿಟ್ಟಿದ್ದಳು. ಬಂದವರು ಅಜ್ಜಿಗೆ ಅಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಅಜ್ಜಿ ಅವನನ್ನು ಬೈಯಲಿಲ್ಲ. ಸುಮ್ಮನೆ ಅಂಗಡಿಯ ಬಾಗಿಲು ಎಳೆದುಕೊಂಡಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಫ್ಯಾಕ್ಟರಿಯಲ್ಲಿ ಅವಳ ಕೋಣೆಯ ಬಾಗಿಲನ್ನು ಯಾರೋ ಮೆಲ್ಲಗೆ ತಟ್ಟಿದರು.

ತಲೆಯೆತ್ತಿದಳು. ಜಾಸ್ತಿ! ಬಾಗಿಲು ತಟ್ಟಿ ಬಂದಿದ್ದಾನೆ.

"ಹಿಟ್ಟು ಸಾಲಲಿಲ್ವಾ?" ಮೆತ್ತಗೆ ಕೇಳಿದ.

"...ಇತ್ತು."

"ಓವನ್ ಏನಾದ್ರೂ ಕೆಟ್ಟಿತ್ತಾ?"

ಅವನು ತನಗಾಗಿ ಒಂದೊಂದೇ ನೆಪ ಹುಡುಕಿ ತಂದು ಕೈಗಿಡುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಯಾವುದಾದರೊಂದನ್ನು ತೆಗೆದುಕೋ ಎಂದು ಕಣ್ಣಿನಲ್ಲೇ ಬೇಡುತ್ತಿದ್ದಾನೆ...

"ಇಲ್ಲ. ನಾನೇ ಕತ್ತರಿಸಿದೆ."

ಅವನ ಕೈ ಕಾಲರಿಗೆ ಹೋಯಿತು. ಕಾಲರಿನ ಗುಂಡಿ ಕಿತ್ತುಹೋಗಿ ದಾರ ನೇತಾಡುತ್ತಿತ್ತು.

"ಸರಿ," ಎಂದ. ಬಾಗಿಲನ್ನು ಸದ್ದಾಗದಂತೆ ಮುಚ್ಚಿಕೊಂಡು ಹೋದ.

ಮೇಲಿನ ಕೋಣೆಯಲ್ಲಿ ಯಜಮಾನರು ಕೂಗಾಡುತ್ತಿದ್ದರು. ಅಂಗಡಿಯವರ ಫೋನ್ ಮೇಲೆ ಫೋನ್. ಕಡಿಮೆ ಹೇಳಿದ್ದು ಯಾರು ಎಂದು ಅವರು ಕೇಳಿದಾಗ ಜಾಸ್ತಿ, "ನಾನೇ ಸಾರ್. ಅಂದಾಜು ತಪ್ಪಿತು," ಎಂದ. ಬದುಕಿನುದ್ದಕ್ಕೂ ಜಾಸ್ತಿ ಹೇಳಿದವನು ಕಡಿಮೆ ಹೇಳಿದೆ ಎಂದರೆ ಕಲ್ಲು ಕೂಡ ಅನುಮಾನ ಪಡಬೇಕು. ಯಜಮಾನರು ಪಡಲಿಲ್ಲ. ಅವನ ಕೆಲಸ ಹೋಯಿತು.

ಸಂಜೆ ಲೆಕ್ಕ ಬಂತು. ಆ ಲೈನಿನಿಂದ ಅಂದು ಒಂದು ಬ್ರೆಡ್ಡೂ ವಾಪಸ್ ಬಂದಿರಲಿಲ್ಲ. ಫ್ಯಾಕ್ಟರಿ ಶುರುವಾದಾಗಿನಿಂದ ಅಂಥ ದಿನ ಬಂದಿರಲಿಲ್ಲ!

ಮಾಡೆಲ್ ಪಾಸಾಯಿತು. ಆ ಖುಷಿಗೆ ಯಜಮಾನರು ಕನ್ನಡಕಕ್ಕೆ ಎರಡನೇ ಗಾಜು ಹಾಕಿಸಿದರು.

*

"ಬೇಕಾದ್ದು ಸಿಕ್ತಲ್ಲ, ಮತ್ಯಾಕೆ ಅಳ್ತೀಯ?" ಅಕ್ಕ ಗುಂಡುಸೂಜಿಗಳನ್ನು ಬಾಯಿಂದ ತೆಗೆದಿಟ್ಟು ಕೇಳಿದಳು. ಅವಳು ಹಾಗೆ ತೆಗೆದಿಡುವುದು ತೀರಾ ಅಪರೂಪ.

"ಅವನು ನಿಜ ಹೇಳಿದ್ದ ಅಕ್ಕ... ನಾನು 'ಕತ್ತರಿಸಲ್ಲ' ಅಂತ ಹೇಳಿ ಕತ್ತರಿಸಿದೆ. ಸುಳ್ಳು ಹೇಳಿದ್ದು ನಾನು!"

ಅಕ್ಕ ತನ್ನ ಸೆರಗಿನಿಂದ ಅವಳ ಕಣ್ಣೊರೆಸಿದಳು. ಆಮೇಲೆ, "ಅರ್ಧ ತೆಗಿ ಅಂತ ಹೇಳ್ಕೊಟ್ಟಿದ್ದು ಅಪ್ಪನಿಗೆ ಕಣೇ ಕತ್ತೆ," ಎಂದಳು. "ಎಲ್ಲರಿಗೂ ಅಲ್ಲ."

ಮರುದಿನ ಅವಳು ಯಜಮಾನರ ಮುಂದೆ ನಿಂತಳು.

"ಸಾರ್, ಅವನ ತಪ್ಪಿಲ್ಲ. ಸಾವಿರ ಕೇಳಿದ್ದ. ಕತ್ತರಿಸಿದ್ದು ನಾನು. ಅವನನ್ನ ವಾಪಸ್ ಕರೀರಿ, ನನ್ನನ್ನ ತೆಗೀರಿ."

"ವಾಪಸ್ ಬಂತಾ ಬ್ರೆಡ್ಡು?"

"ಇಲ್ಲ..."

"ಮತ್ತೆ? ಒಳ್ಳೇದೇ ಆಯ್ತಲ್ಲ! ನಿನ್ನನ್ನ ಯಾಕಮ್ಮ ತೆಗೀಲಿ?"

"ಸಾರ್, ಕೇಳಿ ಸಿಗದೇ ಹೋದ ಜನ ಎಷ್ಟು ಅಂತ ನಮ್ಮ ಲೆಕ್ಕದಲ್ಲಿ ಇಲ್ಲ. ಮಾಡೆಲ್‌ಗೆ ವಾಪಸ್ ಬಂದದ್ದು ಮಾತ್ರ ಕಾಣುತ್ತೆ. ಬಂದು, ಖಾಲಿ ಕೈಯಲ್ಲಿ ತಿರುಗಿ ಹೋದೋರು ಕಾಣಲ್ಲ. ಇದು ಕುರುಡು ಲೆಕ್ಕ ಸಾರ್!"

"ನನಗೂ ಕಾಣಲ್ಲ," ಎಂದರು ಯಜಮಾನರು ಎರಡೂ ಗಾಜಿನಿಂದ ನೋಡುತ್ತ. "ಕಾಣದ್ದಕ್ಕೆ ನಾನು ಅಳೋನಲ್ಲ. ಹೋಗು, ಕೆಲಸ ನೋಡು."

ಶಿಕ್ಷೆ ಕೇಳಿಕೊಂಡು ಹೋದವಳಿಗೆ ಶಹಬ್ಬಾಸ್ ಸಿಕ್ಕಿದರೆ ಅದರಷ್ಟು ಕಹಿ ಬೇರೊಂದಿಲ್ಲ. ಅವಳು ಅದನ್ನು ನುಂಗಿಕೊಂಡು ಮೆಟ್ಟಿಲಿಳಿದಳು.

ಅಂದಿನಿಂದ ಅವಳು ದಿನಾ ಮಧ್ಯಾಹ್ನ ಅಂಗಡಿ ಅಂಗಡಿಗೆ ನಡೆದು ಹೋಗತೊಡಗಿದಳು. ಎಲ್ಲ ಕಡೆಯೂ ಒಂದೇ ಪ್ರಶ್ನೆ. "ನಿನ್ನೆ ಶೆಲ್ಫ್ ಎಷ್ಟೊತ್ತಿಗೆ ಖಾಲಿ ಆಯ್ತು? ಆಮೇಲೆ ಯಾರು ಬಂದು ಕೇಳಿದ್ರು?" ಬೆಳಗ್ಗೆಯೇ ಖಾಲಿಯಾದ ಶೆಲ್ಫಿಗೂ ಸಂಜೆ ಖಾಲಿಯಾದದ್ದಕ್ಕೂ ವ್ಯತ್ಯಾಸವಿದೆ ಎಂದು ಅವಳು ಮಾಡೆಲಿಗೆ ಕಲಿಸಿದಳು. ತಿರುಗಿ ಹೋದವರಿಗೂ ಲೆಕ್ಕದಲ್ಲಿ ಜಾಗ ಕೊಟ್ಟಳು. ಒಂದು ಲೈನಿನಲ್ಲಿ ಸದ್ದಿಲ್ಲದೆ ಹಾಗೆ ಮಾಡಿದಾಗ ಸ್ವಲ್ಪ ಹೆಚ್ಚು ವಾಪಸ್ ಬಂತು. ಮಾರಾಟ ಅದಕ್ಕಿಂತ ಬಹಳ ಹೆಚ್ಚಾಯಿತು. ಯಜಮಾನರು ಅದು ತಮ್ಮದೇ ಐಡಿಯಾ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಎಲ್ಲ ಅಂಗಡಿಗೂ ಹೋದಳು. ಸೇತುವೆಯ ಕಡೆಗೆ ಮಾತ್ರ ಕಾಲು ಏಳಲಿಲ್ಲ.

ಮಾಡೆಲ್ ಸರಿಯಾಯಿತು. ಅವಳು ಸರಿಯಾಗಲಿಲ್ಲ. ಮಧ್ಯಾಹ್ನ ಫೋನ್ ಬಡಿದುಕೊಂಡಾಗ ಅವಳ ಎದೆ ಇನ್ನೂ ಎದ್ದು ಕೂರುತ್ತಿತ್ತು. ಆ ಕಡೆಯಿಂದ ಬೇರೆ ಯಾರದೋ ದನಿ ನಂಬರ್ ಹೇಳುತ್ತಿತ್ತು. ಬರೀ ನಂಬರ್.

ಕೊನೆಗೆ ಒಂದು ದಿನ ಹೋದಳು.

*

ಅಜ್ಜಿಯ ಶೆಲ್ಫಿನಲ್ಲಿ ಬೇರೆ ಕಂಪನಿಯ ಬ್ರೆಡ್ಡು ತುಂಬಿತ್ತು.

"ಏನು ಬೇಕು?" ಅಜ್ಜಿ ಅಪರಿಚಿತರನ್ನು ಕೇಳುವಂತೆ ಕೇಳಿದಳು.

"ಅಜ್ಜಿ... ಅವತ್ತು ಅವರ ತಪ್ಪಿರಲಿಲ್ಲ. ನಾನು..."

"ಗೊತ್ತು."

"ಗೊತ್ತಾ? ಅವರು ಹೇಳಿದ್ರಾ?"

"ಅವನು ಹೇಳಿದ್ರೆ ನಾನು ನಂಬ್ತಿದ್ನಾ? ಹೇಳಲಿಲ್ಲ, ಅದಕ್ಕೇ ಗೊತ್ತಾಯ್ತು. ಎಲ್ಲಾದಕ್ಕೂ ಬಾಯಿ ಬಿಡೋ ಹುಡುಗ ನಿನ್ನ ವಿಷಯ ಬಂದ್ರೆ ಬಾಯಿಗೆ ಬೀಗ ಹಾಕ್ಕೋತಾನೆ." ಅಜ್ಜಿ ರಸ್ತೆಯ ಕಡೆ ನೋಡಿದಳು. "ನೋಡು, ಬಂದ. ನನ್ನ ಅಂಗಡಿ ಒಳಗೆ ಅಳಬೇಡಿ. ಹೊರಗೆ ಅತ್ತುಕೊಳ್ಳಿ."

ಗಾಡಿ ಬಂದು ನಿಂತಿತು. ಬೇರೆ ಬಣ್ಣದ ಗಾಡಿ, ಬೇರೆ ಕಂಪನಿಯ ಅಂಗಿ. ಒಳಗಿದ್ದವನು ಮಾತ್ರ ಅವನೇ, ಸ್ವಲ್ಪ ಇಳಿದಿದ್ದ. ಅಕ್ಕ ಕೇಳಿದ್ದ ತೂಕ ಈಗ ಇಳಿದಿತ್ತು.

ಅವಳನ್ನು ನೋಡಿ ಅವನ ಕೈ ಬಾಗಿಲಿನ ಮೇಲೆಯೇ ನಿಂತಿತು.

"ಯಾಕೆ ಬಂದ್ರಿ?"

"ಕ್ಷಮೆ ಕೇಳೋಕೆ."

"ಕೇಳಿದ್ರಿ. ಆಯ್ತು." ಕ್ರೇಟ್ ಇಳಿಸತೊಡಗಿದ.

"ತಪ್ಪನ್ನ ಯಾಕೆ ನಿಮ್ಮ ಮೇಲೆ ಹಾಕ್ಕೊಂಡ್ರಿ? ನನ್ನನ್ನ ಉಳಿಸೋಕಾ?"

"ಅಷ್ಟು ದೊಡ್ಡ ಮನುಷ್ಯ ಅಲ್ಲ ನಾನು. ನಿಮ್ಮ ಹೆಸರು ಹೇಳೋಣ ಅಂತಲೇ ಮೆಟ್ಟಿಲು ಹತ್ತಿದ್ದೆ. ಅಲ್ಲಿ ನಿಂತಾಗ..." ಅವನು ಕ್ರೇಟ್ ಕೆಳಗಿಟ್ಟ. "ಬಾಯಿ ಬರಲಿಲ್ಲ. ಅಷ್ಟೇ."

ಅವಳು ಒಂದು ಹೆಜ್ಜೆ ಹತ್ತಿರ ಬಂದಳು.

"ಹೆಡ್ ಕುರ್ಚಿಗೋಸ್ಕರ ನನ್ನನ್ನ ಬಳಸ್ಕೊಂಡ್ರಿ ಅಂದ್ಕೊಂಡೆ. 'ಯಾರೂ ಕತ್ತರಿಸಲ್ಲ' ಅಂತ ನೀವು ಹೇಳಿದ್ದು ಕೇಳಿ..."

"ಕುರ್ಚಿ ಬೇಕಿತ್ತು. ನಿಜ. ಗಾಡಿಯೋನು ಅಂತ ಹೇಳ್ಕೊಂಡು ನಿಮ್ಮ ಅಕ್ಕನ ಮುಂದೆ ಹೇಗೆ ಕೂರ್ಲಿ, ಹೇಗೆ ಕೇಳ್ಲಿ ಅಂತ ಬೇಕಿತ್ತು." ಅವನ ದನಿ ಮೊದಲ ಸಲ ಏರಿತು. "ಅನುಮಾನ ಪಟ್ಟಿದ್ದಕ್ಕೆ ನನಗೆ ಬೇಜಾರಿಲ್ಲ ಕಣ್ರೀ! ನಾನು ಅದಕ್ಕೆ ತಕ್ಕೋನೇ. ಕತ್ತರಿಸ್ತೀನಿ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ? ನಾನು ಅಂಗಡಿಯವರಿಗೆ ಮಾತು ಕೊಡ್ತಿರಲಿಲ್ಲ. ಈ ಅಜ್ಜಿ ಬೀದಿಯವರ ಹತ್ರ ಅನ್ನಿಸ್ಕೊಳ್ತಿರಲಿಲ್ಲ. ಯಾಕೆ ಹೇಳಲಿಲ್ಲ?"

"ಹೆದರಿದೆ."

"ಯಾವುದಕ್ಕೆ?"

"ನಿಮ್ಮನ್ನ ಪೂರ್ತಿ ನಂಬಿಬಿಡ್ತೀನಿ ಅಂತ."

ಸೇತುವೆಯ ಮೇಲೆ ಲಾರಿಯೊಂದು ಹೋಯಿತು. ಅವನು ಕೆಳಗಿಟ್ಟಿದ್ದ ಕ್ರೇಟನ್ನು ಎತ್ತಿ ಅಂಗಡಿಯ ಕಟ್ಟೆಯ ಮೇಲಿಟ್ಟ.

"ನಾನು ನಿಮ್ಮನ್ನ ಪ್ರೀತಿಸ್ತೀನಿ," ಎಂದಳು ಅವಳು. ಅಳು ತಡೆಯಲಿಲ್ಲ. "ಆದ್ರೆ ನಂಬೋದು ಹೇಗೆ ಅಂತ ನನಗಿನ್ನೂ ಬರಲ್ಲ. ಬರುತ್ತೆ ಅಂತ ಸುಳ್ಳು ಹೇಳಲ್ಲ. ಕಲೀತಾ ಇದೀನಿ..."

"ನನಗೂ ಈಗ ನಿಮ್ಮನ್ನ ನಂಬೋಕಾಗಲ್ಲ," ಎಂದ ಅವನು. "ಪ್ರೀತಿ ಏನೋ ಹಾಗೇ ಇದೆ. ಹೋಗು ಅಂದ್ರೂ ಹೋಗಿಲ್ಲ, ಹಾಳಾದ್ದು."

"ಹಾಗಾದ್ರೆ... ಏನು ಮಾಡೋದು?"

ಅವನು ಖಾಲಿ ಕ್ರೇಟುಗಳನ್ನು ಗಾಡಿಗೆ ಎಸೆದ. ಬಾಗಿಲು ಹಾಕಿದ. ಡ್ರೈವರ್ ಸೀಟಿನಲ್ಲಿ ಕುಳಿತು ಗಾಡಿ ಶುರುಮಾಡಿದ. ಮುಗಿಯಿತು, ಹೊರಟೇಹೋದ ಎಂದು ಅವಳು ಕಣ್ಣು ಮುಚ್ಚಿದಳು.

ಗಾಡಿ ಹೋಗಲಿಲ್ಲ. ಈ ಕಡೆಯ ಬಾಗಿಲು ತೆರೆದ ಸದ್ದಾಯಿತು.

"ಈ ಕಂಪನಿ ಲೈನಲ್ಲಿ ಇಲ್ಲಿಂದ ಮುಂದೆ ಇನ್ನೂ ಆರು ಅಂಗಡಿ ಇದೆ ನನಗೆ," ಎಂದ ಅವನು ಎದುರಿನ ರಸ್ತೆಯನ್ನೇ ನೋಡುತ್ತ. "ಇವಳ್ಯಾರು ಅಂತ ಎಲ್ಲರೂ ಕೇಳ್ತಾರೆ. ಏನು ಹೇಳ್ಲಿ?"

"ಮಾತಿಗೆ ತಪ್ಪಿದವಳು ಅಂತ ಹೇಳಿ."

"ಹಾಗಂದ್ರೆ ಹೊಡೀತಾರೆ. ಕೋಪ ಇನ್ನೂ ಇಳಿದಿಲ್ಲ ಅವರಿಗೆ."

"ಹೊಡೀಲಿ."

"ಬೇಡ." ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಬೆವರು ಒರೆಸಿಕೊಂಡ ಹಾಗೆ ನಟಿಸಿದ, ಬಿಸಿಲೇನೂ ಇರಲಿಲ್ಲ. "ನಮ್ಮನೆಯವಳಾಗೋಳು ಅಂತೀನಿ. ಬೈಯೋದಿದ್ರೆ ನಾನು ಬೈಕೋತೀನಿ, ನೀವು ಸುಮ್ನಿರಿ ಅಂತೀನಿ."

"ಬೈರಿ," ಎಂದಳು ಅವಳು, ಬಿಕ್ಕುತ್ತ. "ಎಷ್ಟು ಬೇಕಾದ್ರೂ ಬೈರಿ. ಬಿಟ್ಟು ಮಾತ್ರ ಹೋಗ್ಬೇಡಿ..."

"ಹೋಗೋನು ಬಾಗಿಲು ಯಾಕೆ ತೆಗೀತಿದ್ದೆ? ಹತ್ತು ಬೇಗ, ಹಿಂದೆ ಬಸ್ಸಿನವನು ಹಾರ್ನ್ ಹೊಡೆದು ಸಾಯ್ತಿದಾನೆ."

ಅವನು ಅವಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವಳು ಹತ್ತಿದಳು.